ಕೂಡಿದರೆ ಒಂಬತ್ತು

ಕಾರಿನ ರಿಮೋಟ್ ಒತ್ತಿ, ತಿರುಗಿಯೂ ನೋಡದೆ ನಡೆದುಬಿಡುವವರನ್ನು ಕಂಡರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಒಂದು ನಿಮಿಷ, ಬಾಗಿಲ ಹಿಡಿಕೆ ಎಳೆದು ನೋಡಿ, ಪ್ಲೀಸ್ ಎಂದು ಅಪರಿಚಿತರಿಗೆ ಹೇಳಿ ಬೈಸಿಕೊಂಡದ್ದೂ ಉಂಟು. ಜೊತೆಗಿರುವ ನನ್ನ ತಂಗಿ ಮೊಣಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ. ‘ನಳಿನಿ, ಯೂ ಆರ್ ರಿಟೈರ್ಡ್’ ಎನ್ನುತ್ತಾಳೆ.

ಈಗ ಕಾರಿನ ಶೋರೂಮುಗಳಲ್ಲಿ ಡೆಲಿವರಿ ಕೊಡುವ ಹುಡುಗ ಹುಡುಗಿಯರಿಗೆ ತರಬೇತಿ ನೀಡುವ ಪರಿಚಯದವಳೊಬ್ಬಳು, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಬರೆದುಕೊಡಿ ಎಂದಳು. ನನ್ನ ಕನ್ನಡ ಕಾನ್ವೆಂಟಿನ ನನ್‌ಗಳ ಕೈಯಲ್ಲಿ ಅರ್ಧ ಕಲಿತದ್ದು, ಉಳಿದರ್ಧ ಪೀಣ್ಯದಲ್ಲಿ ಕಲಿತದ್ದು. ಅದರಲ್ಲೇ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಪೀಣ್ಯದ ಒಂದು ಶೆಡ್ಡಿನಲ್ಲಿ ನಾವು ಹನ್ನೊಂದು ಜನ ಇದ್ದೆವು. ಆಗ ಕಾರುಗಳು ಬರಿಯ ಕೀಲಿಯೊಂದಿಗೆ ಬರುತ್ತಿದ್ದವು. ಕೊಂಡವರು ಆಮೇಲೆ ನಮ್ಮಂಥವರ ಹತ್ತಿರ ಬಂದು ರಿಮೋಟ್ ಲಾಕ್ ಹಾಕಿಸಿಕೊಳ್ಳುತ್ತಿದ್ದರು. ನಾಲ್ಕು ಬಾಗಿಲಿಗೆ ನಾಲ್ಕು ಪುಟ್ಟ ಮೋಟಾರು, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಪ್ಪು ಡಬ್ಬಿ, ಕೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ರಿಮೋಟ್. ಒತ್ತಿದರೆ ಟಿಕ್ ಎನ್ನುತ್ತಿತ್ತು, ಇಂಡಿಕೇಟರ್ ಮಿನುಗುತ್ತಿತ್ತು. ಗಂಡಸರು ಮಕ್ಕಳಂತೆ ಹತ್ತು ಸಲ ಒತ್ತಿ ನೋಡುತ್ತಿದ್ದರು.

ಮಾಲೀಕರಾದ ಪ್ರಸಾದ್ ಸರ್ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಇಂಗ್ಲಿಷಿಗಾಗಿ. ಬಳಕೆಯ ವಿಧಾನ ತಿಳಿಸುವ ಲೀಫ್‌ಲೆಟ್ ಬರೆಯಬೇಕು, ಫೋನ್ ಎತ್ತಬೇಕು, ದೂರು ಕೇಳಬೇಕು. ನಾನು ಎಂಟು ಪುಟ ಬರೆದೆ. ನಮ್ಮ ಮದರ್ ಸುಪೀರಿಯರ್ ಒಪ್ಪುವಂಥ ಇಂಗ್ಲಿಷು, ಒಂದು ಕಾಮಾ ತಪ್ಪಿಲ್ಲ. ಅದನ್ನು ನಮ್ಮ ಹಿರಿಯ ಫಿಟ್ಟರ್ ಚನ್ನಬಸಪ್ಪನವರ ಕೈಗೆ ಹೆಮ್ಮೆಯಿಂದ ಕೊಟ್ಟೆ. ರೋಣದ ಕಡೆಯವರು, ನಲವತ್ತೈದರ ಆಸುಪಾಸು, ಪೀಣ್ಯದಲ್ಲೇ ಬಾಡಿಗೆ ಕೋಣೆಯಲ್ಲಿ ಹೆಂಡತಿ ಮಗಳೊಂದಿಗೆ ಇದ್ದರು. ಹಾಳೆಗಳನ್ನು ಎಣಿಸಿ ನೋಡಿ ವಾಪಸು ಕೊಟ್ಟರು.

“ಮೇಡಂ, ಇದನ್ನ ಓದಾವ್ರು ಕಾರ್ ತಗೊಳ್ಳಾಂಗಿಲ್ಲ. ಕಾರ್ ತಗೊಳ್ಳಾವ್ರು ಇದನ್ನ ಓದಾಂಗಿಲ್ರಿ.”

ಸಿಟ್ಟು ಬಂತು. ಆದರೆ ಒಂದು ವಾರ ಗಮನಿಸಿದೆ. ಗಿರಾಕಿಗಳು ನನ್ನ ಲೀಫ್‌ಲೆಟ್ಟಿನಿಂದ ಗಾಜು ಒರೆಸುತ್ತಿದ್ದರು. ಅಂದಿನಿಂದ ನಾನು ಗಿರಾಕಿಯ ಪಕ್ಕದಲ್ಲಿ ನಿಂತು ಅವರ ಕೈಯಲ್ಲೇ ಮಾಡಿಸತೊಡಗಿದೆ. ಒತ್ತಿ, ಟಿಕ್ ಶಬ್ದ ಕೇಳಿ, ಆಮೇಲೆ ಹಿಡಿಕೆ ಎಳೆದು ನೋಡಿ. ರಿಮೋಟಿನ ಬ್ಯಾಟರಿ ಹೇಳದೆ ಕೇಳದೆ ಸಾಯುತ್ತದೆ, ಆದ್ದರಿಂದ ಇನ್ನೊಂದು ಕೀಲಿ ಪರ್ಸಿನಲ್ಲಿ ಬೇರೆಯಾಗಿ ಇರಲಿ. ಆಟಕ್ಕೆಂದು ಮಗುವಿನ ಕೈಗೆ ಕೊಡಬೇಡಿ, ಮಗುವನ್ನು ಒಳಗೆ ಕೂರಿಸಿ ‘ಈಗ ಬಂದೆ’ ಎಂದು ಹೋಗಬೇಡಿ. ಇಷ್ಟೇ. ಎಂಟು ಪುಟದಲ್ಲಿ ಇದ್ದದ್ದೂ ಇಷ್ಟೇ.

ಆದರೂ ನಾನು ಊಹಿಸದ ಸಂಗತಿಗಳು ಇದ್ದವು. ನಮ್ಮ ಮೊದಲ ಡಬ್ಬಿಗಳಲ್ಲಿ ಒಂದು ಗುಣವಿತ್ತು: ತೆರೆದು ಅರ್ಧ ನಿಮಿಷವಾದರೆ ತಾನೇ ಮತ್ತೆ ಲಾಕ್ ಆಗುತ್ತಿತ್ತು. ಮರೆತುಹೋಗುವವರಿಗೆ ಸೇಫ್ಟಿ ಎಂದು ನಾನೇ ಹೊಗಳಿ ಬರೆದಿದ್ದೆ. ಆದರೆ ನಮ್ಮಲ್ಲಿ ಲಾಕ್ ಹಾಕಿಸಿಕೊಂಡವರು ನೇರ ಹೋಗುತ್ತಿದ್ದುದು ಗಣಪತಿ ಗುಡಿಗೆ. ಅಲ್ಲಿ ಅರ್ಚಕರು ಕೀಲಿಗೊಂಚಲು ಇಸಿದುಕೊಂಡು, ಡ್ಯಾಶ್‌ಬೋರ್ಡಿನ ಮೇಲಿನ ಗಣೇಶನ ಮುಂದೆ ಹೂವಿನೊಂದಿಗೆ ಇಟ್ಟು, ಬಾಗಿಲು ಮುಚ್ಚಿ, ಕಾರಿಗೆ ಆರತಿ ಎತ್ತುವಷ್ಟರಲ್ಲಿ ಟಿಕ್. ಚಕ್ರದ ಕೆಳಗೆ ನಿಂಬೆಹಣ್ಣು, ಹೊರಗೆ ಇಡೀ ಸಂಸಾರ, ಒಳಗೆ ಕೀಲಿ. ಚನ್ನಬಸಪ್ಪ ಗಾಜಿನ ಸಂದಿಯಿಂದ ಲಾಕ್ ಬಿಡಿಸುವ ಉಕ್ಕಿನ ಪಟ್ಟಿ ಹಿಡಿದು ಸ್ಕೂಟರಿನಲ್ಲಿ ಓಡುತ್ತಿದ್ದರು. ‘ನಿಮ್ಮ ಮಷೀನಿಗೆ ಮಂಗಳಾರತಿ ಮುಗಿಯೋವರ್ಗೂ ತಾಳ್ಮೆ ಇಲ್ವಲ್ಲಮ್ಮ’ ಎಂದು ಅರ್ಚಕರೊಬ್ಬರು ಫೋನ್ ಮಾಡಿ ನಕ್ಕರು. ಅದಾದ ಮೇಲೆ ಲೀಫ್‌ಲೆಟ್ಟಿನ ಮೊದಲ ಸಾಲು, ಅದೂ ಕನ್ನಡದಲ್ಲಿ, ಹೀಗೆ ಬಂತು: ಪೂಜೆಯ ಹೊತ್ತಿನಲ್ಲಿ ಕೀಲಿಗೊಂಚಲು ನಿಮ್ಮ ಕೈಯಲ್ಲೇ ಇರಲಿ.

ಇಂಥ ತಪ್ಪುಗಳಿಗೆ ನಗಬಹುದು. ನಾನು ಮಾಡಿದ ದೊಡ್ಡ ತಪ್ಪನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತದ್ದು.

ಆ ಕಾಲದ ರಿಮೋಟಿನೊಳಗೆ ಎಂಟು ಪುಟ್ಟ ಸ್ವಿಚ್ಚುಗಳ ಒಂದು ಸಾಲು ಇರುತ್ತಿತ್ತು, ಅಕ್ಕಿಕಾಳಿಗಿಂತ ಚಿಕ್ಕವು. ಕಾರಿನ ಡಬ್ಬಿಯಲ್ಲೂ ಅಂಥದೇ ಸಾಲು. ಎರಡರಲ್ಲೂ ಮೇಲೆ ಕೆಳಗೆ ಒಂದೇ ರೀತಿ ಇಟ್ಟರೆ ರಿಮೋಟಿಗೂ ಕಾರಿಗೂ ಹೊಂದಾಣಿಕೆ. ಚನ್ನಬಸಪ್ಪ ಪ್ರತಿ ಕಾರಿಗೂ ಮನಸ್ಸಿಗೆ ತೋಚಿದಂತೆ ಬೇರೆ ಬೇರೆ ವಿನ್ಯಾಸ ಇಟ್ಟು, ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು.

ಗಿರಾಕಿಗಳ ಚಿಂತೆ ಬೇರೆ ಇತ್ತು. ಕಾರಿನ ನಂಬರು ಕೂಡಿದರೆ ಎಷ್ಟು ಬರುತ್ತದೆ? ಒಂಬತ್ತು ಬಂದರೆ ಲಕ್ಕಿ. ಒಂಬತ್ತು ಸಿಗದವರು ಮುಖ ಸಣ್ಣದು ಮಾಡಿಕೊಂಡಿರುತ್ತಿದ್ದರು. ಅಂಥವರೊಬ್ಬರು ಒಂದು ದಿನ, ನಂಬರ್ ಪ್ಲೇಟಲ್ಲಂತೂ ಬರಲಿಲ್ಲ, ಒಳಗಡೆ ಆ ಸ್ವಿಚ್ಚಲ್ಲಾದರೂ ಒಂಬತ್ತು ಇಡ್ತೀರಾ ಎಂದು ಕೇಳಿದರು. ನನಗೆ ಬಲ್ಬು ಹತ್ತಿಕೊಂಡಿತು. ಒಂದರಿಂದ ಒಂಬತ್ತರವರೆಗೆ ಒಂಬತ್ತು ವಿನ್ಯಾಸ ಬರೆದು, ಗುಲಾಬಿ ಬಣ್ಣದ ಕಾರ್ಡಿನಲ್ಲಿ ಅಚ್ಚು ಹಾಕಿಸಿದೆ. ‘ಯುವರ್ ಲಕ್ಕಿ ಕೋಡ್’. ಗಿರಾಕಿಗಳು ಬೆರಳಿಟ್ಟು ಆರಿಸಿಕೊಳ್ಳುತ್ತಿದ್ದರು. ಪ್ರಸಾದ್ ಸರ್ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ನಾನು ಸ್ಕೂಲಿನಲ್ಲಿ ಪ್ರೈಜ಼್ ತೆಗೆದುಕೊಂಡ ಹುಡುಗಿಯಂತೆ ನಿಂತಿದ್ದೆ.

ಆ ಮಧ್ಯಾಹ್ನ ಚನ್ನಬಸಪ್ಪ ನನ್ನ ಮೇಜಿನ ಬಳಿ ಬಂದರು. ಎಲ್ಲರೂ ಒಂಬತ್ತನ್ನೇ ಕೇಳುತ್ತಿದ್ದಾರೆ, ಹಾಗೆ ಇಟ್ಟರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಕಾರು ತೆರೆಯುವುದಿಲ್ಲವೇ ಎಂದು ಮೆತ್ತಗೆ ಕೇಳಿದರು. ನಾನು ತಲೆ ಎತ್ತಲಿಲ್ಲ. ಬೆಂಗಳೂರಿನಷ್ಟು ದೊಡ್ಡ ಊರಿನಲ್ಲಿ ಎರಡು ಒಂಬತ್ತುಗಳು ಅಕ್ಕಪಕ್ಕ ಬರುವುದು ಯಾವಾಗ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಿತ್ತು. “ಚನ್ನಬಸಪ್ಪನವರೇ, ಸ್ಕ್ರೂ ತಿರುಗಿಸೋದು ನಿಮಗೆ ಬಿಟ್ಟಿದೀನಿ. ಕಸ್ಟಮರ್ ಸೈಕಾಲಜಿ ನನಗೆ ಬಿಡಿ” ಎಂದೂ ಸೇರಿಸಿದೆ. ಅವರು ಆಯ್ತ್ರಿ ಎಂದು ಹೋದರು.

ಎರಡು ತಿಂಗಳ ನಂತರ ವೈಟ್‌ಫೀಲ್ಡ್ ಕಡೆಯ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಒಂದು ಭಾನುವಾರ ಡೆಮೊ ಮಾಡಿದೆವು. ಒಂದೇ ದಿನ ಆರು ಕಾರು. ಆರೂ ಬಿಳಿಯವು, ಒಂದೇ ಮಾಡೆಲಿನವು. ಆಗ ಬೀದಿ ತುಂಬ ಅದೇ ಕಾರು. ಆರು ಜನವೂ ಒಂಬತ್ತರ ಮೇಲೆ ಬೆರಳಿಟ್ಟರು. ಚನ್ನಬಸಪ್ಪ ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಕಾರ್ಡನ್ನು ಮುಂದಿನವರಿಗೆ ಕೊಟ್ಟೆ.

ಅದಾಗಿ ಮೂರು ವಾರ. ಆ ಅಪಾರ್ಟ್‌ಮೆಂಟಿನ ಸರ್ವಮಂಗಳಮ್ಮ ಎಂಬವರ ಕಾರಿನ ಹಿಂಬಾಗಿಲಿನ ಲಾಕು ಸಿಕ್ಕಿಕೊಳ್ಳುತ್ತಿದೆ ಎಂದು ಫೋನ್ ಬಂತು. ಬೆಳಿಗ್ಗೆಯೇ ಚನ್ನಬಸಪ್ಪ ಹೋದರು. ಮಧ್ಯಾಹ್ನ ಎರಡರ ಹೊತ್ತಿಗೆ ಇನ್ನೊಂದು ಫೋನ್ ಬಂತು, ಈ ಸಲ ಪೊಲೀಸ್ ಠಾಣೆಯಿಂದ. ನಿಮ್ಮ ಫಿಟ್ಟರ್ ಇಲ್ಲಿದ್ದಾನೆ, ಕಾರಿನೊಳಗಿಂದ ಬ್ಯಾಗ್ ಹೋಗಿದೆ, ಓನರ್ ಬರಲಿ ಎಂದರು.

ಸರ್ವಮಂಗಳಮ್ಮನವರದು ದಾವಣಗೆರೆ ಕಡೆಯ ಮನೆತನ. ಅಂದು ಮಧ್ಯಾಹ್ನ ಗಂಡ ಹೆಂಡತಿ ಊರಿಗೆ ಹೊರಡುವವರಿದ್ದರು, ಮೊಮ್ಮಗನಿಗೆ ಲಿಂಗಧಾರಣೆ. ಕೊರಳಲ್ಲಿ ಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಅವರ ಅತ್ತೆಯ ಕಾಲದ್ದು, ಪೂಜಾ ಸಾಮಾನಿನೊಂದಿಗೆ ಹಸಿರು ಚೀಲದಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ಅದೊಂದನ್ನು ಮೊದಲು ತಂದು ಕಾರಿನಲ್ಲಿ ಇಟ್ಟು ಹೋಗಿದ್ದರು. ಹನ್ನೆರಡಕ್ಕೆ ಉಳಿದ ಸಾಮಾನು ತಂದರೆ ಚೀಲವಿಲ್ಲ. ಕಾರಿನ ಬಾಗಿಲೆಲ್ಲ ಲಾಕ್ ಆಗಿಯೇ ಇವೆ, ಗಾಜು ಒಡೆದಿಲ್ಲ, ಒಂದು ಗೀರೂ ಇಲ್ಲ. ಬೆಳಿಗ್ಗೆ ಅರ್ಧ ಗಂಟೆ ರಿಮೋಟ್ ಇದ್ದದ್ದು ಚನ್ನಬಸಪ್ಪನವರ ಕೈಯಲ್ಲಿ. ಚೀಲ ಇಡುವಾಗಲೂ ಅವರು ಅದೇ ಬೇಸ್‌ಮೆಂಟಿನಲ್ಲಿ, ಬೇರೊಂದು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕೆಲಸ ಮಾಡುತ್ತಿದ್ದರು. ವಾಚ್‌ಮನ್‌ಗಳು, ಡ್ರೈವರುಗಳು, ಕೆಲಸದ ಹೆಂಗಸರು ಎಲ್ಲ ನೋಡುತ್ತಿರುವಂತೆಯೇ ಅವರನ್ನು ಜೀಪಿಗೆ ಹತ್ತಿಸಿದರಂತೆ.

ಫೋನ್ ಇಟ್ಟಾಗ ನನಗೆ ಎಲ್ಲವೂ ಗೊತ್ತಾಗಿತ್ತು ಎಂದರೆ ಸುಳ್ಳು. ಗೊತ್ತಾದದ್ದು ಇಷ್ಟು: ಆ ಕಾರನ್ನು ತೆರೆಯಬಲ್ಲ ರಿಮೋಟುಗಳು ಆ ಕಟ್ಟಡದಲ್ಲೇ ಆರು ಇವೆ, ಅದಕ್ಕೆ ಕಾರಣ ನಾನು.

ಪ್ರಸಾದ್ ಸರ್ ಕ್ಯಾಬಿನ್ನಿಗೆ ಹೋಗಿ ನಿಂತುಕೊಂಡೇ ಹೇಳಿದೆ. ಚನ್ನಬಸಪ್ಪ ಮೊದಲೇ ಎಚ್ಚರಿಸಿದ್ದನ್ನೂ, ನಾನು ಆಡಿದ ಮಾತನ್ನೂ ಹೇಳಿದೆ. ಅವರು ಪೇಪರ್‌ವೇಟ್ ತಿರುಗಿಸುತ್ತಾ ಕೇಳಿದರು. ಇದು ಹೊರಗೆ ಬಂದರೆ ಆ ಗುಲಾಬಿ ಕಾರ್ಡ್ ಹಿಡಿದ ಪ್ರತಿಯೊಬ್ಬರೂ ನಮ್ಮ ಬಾಗಿಲಿಗೆ ಬರುತ್ತಾರೆ, ಹನ್ನೊಂದು ಜನರ ಅನ್ನದ ಪ್ರಶ್ನೆ ಎಂದು ನನಗೂ ತಿಳಿದಿತ್ತು. ಲಾಯರನ್ನು ಕಳಿಸಿ ಜಾಮೀನು ಕೊಡಿಸೋಣ, ಉಳಿದದ್ದು ನಿಧಾನವಾಗಿ ನೋಡೋಣ ಎನ್ನುತ್ತಾರೇನೋ ಎಂದುಕೊಂಡೆ. ನನ್ನೊಳಗಿನ ಒಂದು ಪುಕ್ಕಲು ಮೂಲೆ ಹಾಗೇ ಅನ್ನಲಿ ಎಂದು ಕಾಯುತ್ತಿತ್ತು, ಅದನ್ನೂ ಬರೆದುಬಿಡುತ್ತೇನೆ.

“ಅಪ್ರೂವ್ ಮಾಡಿದ್ದು ನಾನು, ನಳಿನಿ. ಬನ್ನಿ, ಕಾರ್ ತೆಗೀತೀನಿ” ಎಂದರು.

ಪೀಣ್ಯದಿಂದ ಠಾಣೆಯವರೆಗೆ ಅವರು ನನ್ನನ್ನು ಬೈಯಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಆಮೇಲೆ ಮರೆತೂಬಿಡುತ್ತಿದ್ದೆ.

ಠಾಣೆಯಲ್ಲಿ ಚನ್ನಬಸಪ್ಪ ಗೋಡೆ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದರು. ಯಾರೂ ಹೊಡೆದಿರಲಿಲ್ಲ. ಚಪ್ಪಲಿ ಹೊರಗೆ ಬಿಡಿಸಿದ್ದರು. ನಾನು ಪಕ್ಕದಲ್ಲಿ ಕೂತು, ರಿಮೋಟುಗಳೆಲ್ಲ ಒಂದೇ ಎಂದು ಯಾಕೆ ಹೇಳಲಿಲ್ಲ ಎಂದು ಪಿಸುಗುಟ್ಟಿದೆ.

“ಅದು ನಾ ಹೇಳೂ ಮಾತಲ್ರಿ ಮೇಡಂ. ನಾ ಹೇಳಿದ್ರ, ಹಂಗಾರ ಆರೂ ಕಾರ್ ತಗ್ಯಾಕ ನಿನಗ ಬರ್ತದಂತಾರ. ನೀವ ಹೇಳಬೇಕು. ನೀವು ಬರ್ತೀರಂತ ಕುಂತಿದ್ದೆ” ಎಂದರು.

ಸಬ್ ಇನ್‌ಸ್ಪೆಕ್ಟರಿಗೆ ನಾನೇ ಹೇಳಿದೆ. ಅವರು ನಂಬಲಿಲ್ಲ. ‘ರಿಮೋಟಿಗೂ ಜೋಡಿ ಇರುತ್ತಾ ಮೇಡಂ, ತೋರಿಸಿ ನೋಡೋಣ’ ಎಂದು ಚನ್ನಬಸಪ್ಪನವರನ್ನೂ ಕೂರಿಸಿಕೊಂಡು ಜೀಪಿನಲ್ಲಿ ಹಿಂದೆಯೇ ಬಂದರು.

ಬೇಸ್‌ಮೆಂಟಿನಲ್ಲಿ ಸರ್ವಮಂಗಳಮ್ಮ ಕಣ್ಣು ಊದಿಸಿಕೊಂಡು ನಿಂತಿದ್ದರು. ಊರಿಗೆ ಹೊರಟಿರಲಿಲ್ಲ. ನನ್ನನ್ನು ಕಂಡದ್ದೇ, “ನೀವು ಹೇಳ್ಕೊಟ್ಟಂಗೇ ಮಾಡಿದೀನಿ ಕಣ್ರೀ. ಒತ್ತಿದೆ, ಟಿಕ್ ಅಂತು, ಹಿಡಿಕೆನೂ ಎಳ್ದು ನೋಡಿದೆ” ಎಂದರು. ಆ ಮಾತು ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಾನು ಕಲಿಸಿದ್ದನ್ನು ಅಷ್ಟು ಶ್ರದ್ಧೆಯಿಂದ ಮಾಡಿದ ಗಿರಾಕಿ ಇನ್ನೊಬ್ಬರಿರಲಿಲ್ಲ.

ಅವರ ರಿಮೋಟನ್ನು ಕೇಳಿ ತೆಗೆದುಕೊಂಡೆ. ಲಿಫ್ಟಿನ ಬಾಗಿಲ ಬಳಿ ನಿಂತು ಒತ್ತಿದೆ. ಗೇಟಿನ ಹತ್ತಿರ ಅವರ ಕಾರು ಟಿಕ್ ಎಂದು ಮಿನುಗಿತು. ಕಂಬದ ಪಕ್ಕದ್ದೂ ಮಿನುಗಿತು. ನಾಲ್ಕು ಹೆಜ್ಜೆ ನಡೆದು ಮತ್ತೆ ಒತ್ತಿದೆ. ನೀರಿನ ಪಂಪಿನ ಕಡೆ ಒಂದು, ಅದರಾಚೆ ಇನ್ನೊಂದು, ನನ್ನ ಬೆನ್ನ ಹಿಂದೆ ಮತ್ತೊಂದು. ಐದು ಬಿಳಿ ಕಾರುಗಳು ಕರೆದಾಗಲೆಲ್ಲ ಓ ಎನ್ನುತ್ತಿದ್ದವು. ಇಷ್ಟು ದಿನ ಪಕ್ಕದ ಕಾರು ಮಿನುಗಿದರೆ, ಅದರವರೇ ಎಲ್ಲಿಂದಲೋ ಒತ್ತಿರಬೇಕು ಎಂದು ಎಲ್ಲರೂ ಸುಮ್ಮನಿದ್ದರಂತೆ.

“ಕೋರಸ್ ಹಾಡ್ತಾವಲ್ಲ ಮೇಡಂ” ಎಂದರು ಸಬ್ ಇನ್‌ಸ್ಪೆಕ್ಟರ್.

ಆರನೆಯದರ ಜಾಗ ಖಾಲಿ ಇತ್ತು, ಸರಿಯಾಗಿ ಲಿಫ್ಟಿನ ಎದುರಿಗೆ. ಸರ್ವಮಂಗಳಮ್ಮನವರ ಜಾಗವೂ ಅದರ ಪಕ್ಕದ್ದೇ. ಆದರೆ ಬೆಳಿಗ್ಗೆ ಲಾಕು ಸರಿಮಾಡಲು ಬೆಳಕು ಸಾಲದೆಂದು ಚನ್ನಬಸಪ್ಪ ಅವರ ಕಾರನ್ನು ಗೇಟಿನ ಬಳಿಗೆ ತೆಗೆಸಿದ್ದರು. ನಡೆದದ್ದು ಹೀಗಿರಬೇಕು: ಹತ್ತಕ್ಕೆ ಆಕೆ ಲಿಫ್ಟಿನಿಂದ ಇಳಿದು ಒತ್ತಿದಾಗ ಎದುರಿಗಿದ್ದ ಬಿಳಿ ಕಾರು ಮಿನುಗಿತು, ಬಾಗಿಲು ತೆರೆಯಿತು. ಹಿಂದಿನ ಸೀಟಿನ ಮುಂದೆ ಕಾಲಿಡುವಲ್ಲಿ ಚೀಲ ಇಟ್ಟು, ಲಾಕ್ ಮಾಡಿ, ಹಿಡಿಕೆ ಎಳೆದು ನೋಡಿ, ನೆಮ್ಮದಿಯಾಗಿ ಮೇಲೆ ಹೋದರು. ಹನ್ನೆರಡಕ್ಕೆ ತಮ್ಮ ಕಾರು ಗೇಟಿನ ಬಳಿ ಕಂಡಾಗ, ಗಂಡ ತೆಗೆದು ನಿಲ್ಲಿಸಿರಬೇಕು ಎಂದುಕೊಂಡರಂತೆ. ಆ ಕಾರು ಎರಡನೇ ಮಹಡಿಯ ವಿನಯ್ ಎಂಬ ಇಂಜಿನಿಯರದು. ಹತ್ತೂವರೆಗೆ ಹೊರಟುಹೋಯಿತೆಂದು ವಾಚ್‌ಮನ್ ಹೇಳಿದ.

ವಿನಯ್ ಕೆಲಸ ಮಾಡುತ್ತಿದ್ದುದು ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ. ಸರ್ವಮಂಗಳಮ್ಮನವರ ಮನೆಯ ಫೋನಿನಿಂದ ಸಬ್ ಇನ್‌ಸ್ಪೆಕ್ಟರ್ ಅಲ್ಲಿಯ ಗೇಟಿಗೆ ಮಾತಾಡಿದರು. ಸೆಕ್ಯುರಿಟಿಯವರು ಪಾರ್ಕಿಂಗಿಗೆ ಹೋಗಿ ಗಾಜಿನಿಂದ ಇಣುಕಿ ಬರಲಿ ಎಂದು ಹೇಳಿ, ರಿಸೀವರ್ ಕಿವಿಗಿಟ್ಟುಕೊಂಡೇ ಕಾದರು. ಚನ್ನಬಸಪ್ಪ ಒಳಗೆ ಬರಲಿಲ್ಲ, ಬಾಗಿಲ ಹೊರಗೆ ನಿಂತಿದ್ದರು. ಒಳಗಿದ್ದ ನಾವೆಲ್ಲರೂ ಕೂತುಕೊಳ್ಳದೆ ನಿಂತೇ ಇದ್ದೆವು. ಚೀಲ ಅಲ್ಲಿ ಇಲ್ಲದಿದ್ದರೆ ಚನ್ನಬಸಪ್ಪನವರಿಗೆ ನಾನು ಮಾಡಿದ ಸಹಾಯವೆಲ್ಲ ಅವರ ಕುತ್ತಿಗೆಗೇ ಬರುತ್ತಿತ್ತು: ಒಂದಲ್ಲ, ಆರು ಕಾರು ತೆರೆಯಬಲ್ಲವನು ಎಂದು ನಾನೇ ಸಾಕ್ಷಿ ಹೇಳಿದಂತೆ.

ಕೊನೆಗೆ ಸಬ್ ಇನ್‌ಸ್ಪೆಕ್ಟರ್, “ಹಸಿರು ಬ್ಯಾಗ್. ಮೇಲೆ ವಿಭೂತಿ ಗಟ್ಟಿ ಕಾಣ್ತಿದೆಯಂತೆ” ಎಂದು ಫೋನ್ ಇಟ್ಟರು. ಬಾಗಿಲ ಕಡೆ ತಿರುಗಿ, “ಹೋಗಪ್ಪ ನೀನು ಇನ್ನು” ಎಂದರು.

ಚನ್ನಬಸಪ್ಪ ಹೋಗಲಿಲ್ಲ. ಸಂಜೆ ಆರಕ್ಕೆ ವಿನಯ್ ಚೀಲ ತರುವವರೆಗೂ ಬೇಸ್‌ಮೆಂಟಿನಲ್ಲೇ ನಿಂತಿದ್ದರು. ಮಧ್ಯಾಹ್ನ ನೋಡಿದವರೆಲ್ಲ ಈಗಲೂ ನೋಡಲಿ ಎಂದು ಇರಬೇಕು, ನಾನು ಕೇಳಲಿಲ್ಲ. ಸರ್ವಮಂಗಳಮ್ಮ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಚನ್ನಬಸಪ್ಪನವರ ಕಡೆ ತಿರುಗಿದರು. ಚನ್ನಬಸಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊರಳಿನ ದಾರವನ್ನು ಬೆರಳಿನಿಂದ ಸ್ವಲ್ಪ ಎತ್ತಿ ತೋರಿಸಿದರು.

“ನನ್ನ ಕೊರಳಾಗೂ ಐತ್ರಿ ಅಕ್ಕಾರ. ಮಧ್ಯಾಹ್ನ ಕೇಳಿದ್ರ ತೋರಸ್ತಿದ್ದೆ.”

ಮರುದಿನ ನಾನು ಒಂದು ಪತ್ರ ಬರೆದೆ, ಮುಕ್ಕಾಲು ಪುಟ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ನಿಮ್ಮ ರಿಮೋಟಿನ ಕೋಡ್ ಇನ್ನೊಬ್ಬರದೂ ಆಗಿರಬಹುದು, ತಪ್ಪು ನಮ್ಮದು, ಕಾರು ತನ್ನಿ, ಬದಲಾಯಿಸಿ ಕೊಡುತ್ತೇವೆ. ಗುಲಾಬಿ ಕಾರ್ಡ್ ಪಡೆದ ಪ್ರತಿಯೊಬ್ಬರಿಗೂ ಕಳಿಸಿದೆವು. ಜನ ಬಂದರು, ಬೈದರು, ಬದಲಾಯಿಸಿಕೊಂಡರು. ವಿಚಿತ್ರವೆಂದರೆ ಆ ಬೈದವರೇ ಆಮೇಲೆ ತಮ್ಮ ಅಣ್ಣತಮ್ಮಂದಿರನ್ನು ನಮ್ಮಲ್ಲಿಗೆ ಕಳಿಸಿದರು. ನಾನು ಬರೆದವುಗಳಲ್ಲಿ ಜನ ನಿಜವಾಗಿ ಓದಿದ್ದು ಅದೊಂದೇ ಇರಬೇಕು.

ಹೊಸ ಕೋಡ್ ಇಡುವ ವಿಧಾನ ಚನ್ನಬಸಪ್ಪನವರದು. ಗಿರಾಕಿ ತಾವೇ ಎಂಟು ಸಲ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಸ್ವಿಚ್ಚು ಮೇಲೆ, ಇನ್ನೊಂದು ಬಿದ್ದರೆ ಕೆಳಗೆ. ಲಕ್ಕಿ ಬೇಕೆಂದವರಿಗೆ ಇದಕ್ಕಿಂತ ಲಕ್ಕಿ ಇನ್ನೇನು ಎಂದು ನಾನು ಹೇಳುತ್ತಿದ್ದೆ, ಒಪ್ಪಿಕೊಳ್ಳುತ್ತಿದ್ದರು. ಕೆಲವು ವರ್ಷಗಳಲ್ಲಿ ಪ್ರತಿ ಸಲ ಒತ್ತಿದಾಗಲೂ ತಾನೇ ಕೋಡ್ ಬದಲಿಸುವ ಚಿಪ್ ಬಂತು, ಸ್ವಿಚ್ಚುಗಳ ಸಾಲೇ ಹೋಯಿತು. ಅದರ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ವಿಧಾನ ಯಾವುದೇ ಬರಲಿ, ಕೈಯಲ್ಲಿ ಕೆಲಸ ಮಾಡುವವರು ಮೇಜಿನ ಬಳಿ ಬಂದು ಮೆತ್ತಗೆ ಏನಾದರೂ ಕೇಳಿದರೆ, ಪೆನ್ ಕೆಳಗಿಟ್ಟು ತಲೆ ಎತ್ತಿ. ನಾನು ನಿಮಗೆ ಹೇಳಬಹುದಾದದ್ದು ಅಷ್ಟೇ.

ವೈಟ್‌ಫೀಲ್ಡಿನ ಆ ಆರು ಕಾರುಗಳಿಗೆ ನಾವು ಮುಂದಿನ ಭಾನುವಾರವೇ ಹೋದೆವು. ಬೇರೆಯವರನ್ನು ಕಳಿಸುತ್ತೇವೆ ಎಂದು ಪ್ರಸಾದ್ ಸರ್ ಹೇಳಿದ್ದರು. ಚನ್ನಬಸಪ್ಪ ತಾವೇ ಹೋಗುವುದಾಗಿ ಹೊರಟರು. ಕಾರಿನವರು ಕೀಲಿಗೊಂಚಲು ಅವರ ಕೈಗೆ ಕೊಟ್ಟು, ಮುಗಿದ ಮೇಲೆ ಕರೀರಿ ಎಂದು ಮೇಲೆ ಹೋಗಲು ನೋಡಿದರು. ಅವರು ಬಿಡಲಿಲ್ಲ. ಇಲ್ಲೇ ನಿಲ್ರಿ ಎಂದರು. ಪ್ರತಿಯೊಬ್ಬರಿಂದಲೂ ನಾಣ್ಯ ಚಿಮ್ಮಿಸಿ, ರಿಮೋಟನ್ನೂ ಡಬ್ಬಿಯನ್ನೂ ಬಿಚ್ಚಿ ಮುಂದಿಟ್ಟು, ಪುಟ್ಟ ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟು, ತಾವು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಯಾವ ಸ್ವಿಚ್ಚು ಮೇಲೆ, ಯಾವುದು ಕೆಳಗೆ ಎಂದು ತಮಗೆ ತಿಳಿಯಬಾರದು. ಗಂಡಸರು ಮುಜುಗರಪಟ್ಟರೂ ತಾವೇ ಇಟ್ಟುಕೊಂಡರು. ಐದು ಕಾರು ಹಾಗೇ ಮುಗಿದವು.

ಕೊನೆಯದು ಸರ್ವಮಂಗಳಮ್ಮನವರದು. ಎಂಟು ಸಲ ನಾಣ್ಯ ಚಿಮ್ಮಿದರು. ಒಂದು ಸಲ ಅದು ಕಾರಿನ ಕೆಳಗೆ ಉರುಳಿ, ನಾನು ಮಂಡಿಯೂರಿ ತೆಗೆದುಕೊಟ್ಟೆ. ಚನ್ನಬಸಪ್ಪ ಸ್ಕ್ರೂಡ್ರೈವರ್ ಕೊಟ್ಟು ಗೋಡೆಯ ಕಡೆ ತಿರುಗಿದರು. ಆಕೆ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅವರ ಬೆನ್ನನ್ನೇ ನೋಡುತ್ತಿದ್ದರು.

“ಅಣ್ಣಾ, ಈ ಕಡೆ ತಿರುಗ್ರಿ. ಇದು ನಿಮ್ಮ ಕೆಲಸ, ನೀವೇ ಇಡ್ರಿ. ನಿಮ್ಮ ಪುಸ್ತಕದಾಗೂ ಬರ್ಕೊಳ್ರಿ. ನಾನು ರಿಮೋಟ್ ಕಳ್ಕೊಂಡ್ರೆ ಮತ್ಯಾರನ್ನ ಕೇಳ್ಲಿ?”

ಚನ್ನಬಸಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಿರುಗಿ, ಕೈಯನ್ನು ಪ್ಯಾಂಟಿಗೆ ಒರೆಸಿ ಸ್ಕ್ರೂಡ್ರೈವರನ್ನು ಇಸಿದುಕೊಂಡು, ಜೇಬಿನಿಂದ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, ನೀವು ಬರೀರಿ ಮೇಡಂ, ನಾ ಹೇಳ್ತೀನಿ ಎಂದರು. ಅವರು ಒಂದೊಂದೇ ಸ್ವಿಚ್ಚು ಸರಿಸುತ್ತಾ ಮೇಲೆ, ಕೆಳಗೆ ಎಂದು ಹೇಳುತ್ತಾ ಹೋದರು. ನಾನು ಬರೆದುಕೊಂಡೆ.